ಅರಿಶಿನದ ಮುಟ್ಟಾಟ ಆಡಿಸಿ ನೋಡಿ

ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಕೈ ತೊಳೆಯೋದು, ಡೆಂಗ್ಯೂ ಬಗ್ಗೆ ಚಾರ್ಟ್ ತೋರಿಸಿ ಹೇಳಿದರೆ ಆಕಳಿಸುತ್ತಾರೆ, ಓಡಾಡುವ ಆಟದಲ್ಲೇ ಕಲಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಕಲಿಸಬಹುದು. ನಾನು ಪ್ರೈಮರಿ ಶಾಲೆ ಟೀಚರ್. ಹೊಸ ಆಟ ಹುಡುಕುವುದೇ ಬೇಡ. ಮಕ್ಕಳಿಗೆ ಗೊತ್ತಿರುವ ಆಟಕ್ಕೆ ಒಂದೇ ಒಂದು ನಿಯಮ ಸೇರಿಸಿ, ಪಾಠ ಆ ನಿಯಮದೊಳಗೇ ಇರಲಿ.

ನನ್ನ ಕ್ಲಾಸಲ್ಲಿ ಚೆನ್ನಾಗಿ ನಡೆದಿದ್ದು ಅರಿಶಿನದ ಮುಟ್ಟಾಟ. ಮೂರು ಮಕ್ಕಳು ಕಳ್ಳರು. ಅವರ ಅಂಗೈಗೆ ಚಿಟಿಕೆ ಅರಿಶಿನ ಹಚ್ಚುತ್ತೇನೆ. ಮುಟ್ಟಿಸಿಕೊಂಡವರೂ ಕಳ್ಳರಾಗುತ್ತಾರೆ. ಐದು ನಿಮಿಷ ಓಡಿ, ನೀರು ಕುಡಿದು ಬಂದ ಮೇಲೆ ಎಲ್ಲರೂ ಕೈ, ಮುಖ ತೋರಿಸಬೇಕು. ಒಮ್ಮೆ ಕೊನೆವರೆಗೂ ಯಾರ ಕೈಗೂ ಸಿಗದ ಹುಡುಗಿಯ ಮೂಗಿನ ತುದಿ ಹಳದಿ ಆಗಿತ್ತು! "ನನ್ನ ಯಾರೂ ಮುಟ್ಟಿಲ್ಲ ಮಿಸ್" ಅಂತ ಅಳುವ ಹಾಗಾದಳು. ಎಲ್ಲರೂ ಸೇರಿ ಹುಡುಕಿದೆವು. ನಲ್ಲಿಯ ತಿರುಪಿನ ಮೇಲೆ ಅರಿಶಿನ ಇತ್ತು. ನಾನು ಬಾಯಿ ಬಿಡಬೇಕಾಗಲೇ ಇಲ್ಲ.

ಆಮೇಲೆ ತೊಳೆಯೋದು. ಬರೀ ನೀರಿಗೆ ಹಳದಿ ಪೂರ್ತಿ ಹೋಗಲ್ಲ. ಸೋಪಿನ ಬಿಲ್ಲೆ ಉಜ್ಜಿದ ಕೂಡಲೇ ಕೆಂಪಾಗುತ್ತದೆ, ಆರತಿ ತಟ್ಟೆಯಲ್ಲಿ ಸುಣ್ಣ ಹಾಕಿದಾಗ ಆಗುತ್ತಲ್ವಾ, ಹಾಗೆ. ಉಗುರಿನ ಸಂದು, ಹೆಬ್ಬೆರಳಿನ ಬುಡ, ಎಲ್ಲೆಲ್ಲಿ ಬಿಟ್ಟಿದ್ದೇವೆ ಅಂತ ಮಕ್ಕಳಿಗೇ ಕಾಣುತ್ತದೆ. ಲಿಕ್ವಿಡ್ ಹ್ಯಾಂಡ್‌ವಾಶ್‌ನಲ್ಲಿ ಈ ಬಣ್ಣ ಸಾಮಾನ್ಯವಾಗಿ ಬರಲ್ಲ, ಬಿಲ್ಲೆಯೇ ಇಡಿ. 20 ಸೆಕೆಂಡ್ ಉಜ್ಜಬೇಕು. ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಿಸಿ. ಒಂದು ಮಾತು ಮಾತ್ರ ತಪ್ಪದೆ ಹೇಳಿ: ಅರಿಶಿನದ ಕಲೆ ಸ್ವಲ್ಪ ಉಳಿದರೆ ರೋಗಾಣು ಉಳಿದಿದೆ ಅಂತಲ್ಲ. ಇಲ್ಲದಿದ್ದರೆ ಕೆಲವರು ಚರ್ಮ ಕೆಂಪಾಗುವ ತನಕ ತಿಕ್ಕುತ್ತಾರೆ.

ಡೆಂಗ್ಯೂಗೆ ಕೆರೆ-ದಡ ಸಾಕು. ನೀವು ಒಂದು ಜಾಗದ ಹೆಸರು ಕೂಗಿ. ಸೊಳ್ಳೆ ಮೊಟ್ಟೆ ಇಡುವ ಜಾಗವಾದರೆ ಕೆರೆಗೆ, ಅಲ್ಲದಿದ್ದರೆ ದಡಕ್ಕೆ ಹಾರಬೇಕು. ಎಳನೀರಿನ ಚಿಪ್ಪು, ಹಳೇ ಟೈರು ಅಂದರೆ ಕೆರೆ. ಬಿಗಿಯಾಗಿ ಮುಚ್ಚಿದ ಡ್ರಮ್, ಹರಿಯುವ ಹಳ್ಳ ಅಂದರೆ ದಡ. ಮೊಟ್ಟೆ ಸೊಳ್ಳೆಯಾಗಲು ಸುಮಾರು 8-10 ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಉಜ್ಜಬೇಕು ಅನ್ನೋದನ್ನು ಆಟದ ನಡುವೆಯೇ ಹೇಳಿಬಿಡಿ.

ಇನ್ನು, ದಯವಿಟ್ಟು ಯಾರನ್ನೂ ಔಟ್ ಮಾಡಿ ಕೂರಿಸಬೇಡಿ. ಇದು ನನಗೆ ತುಂಬಾ ಮುಖ್ಯ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲು ಔಟ್ ಆಗೋದು ಯಾರು? ಓಡಲು ಕಷ್ಟಪಡುವ ಮಗುವೇ. ಓಟ ಜಾಸ್ತಿ ಬೇಕಿದ್ದ ಮಗುವನ್ನೇ ಗೋಡೆಗೆ ಒರಗಿಸಿ ಕೂರಿಸಿದರೆ ಹೇಗೆ? ಕೆರೆ-ದಡದಲ್ಲಿ ತಪ್ಪಾಗಿ ಹಾರಿದವರೇ ನಮ್ಮಲ್ಲಿ ಮುಂದಿನ ಜಾಗದ ಹೆಸರು ಕೂಗುತ್ತಾರೆ. ಕೂಗಿ ಮತ್ತೆ ಸಾಲಿಗೆ ಬರುತ್ತಾರೆ. ಉಬ್ಬಸ ಇರುವ ಮಕ್ಕಳ ಬಗ್ಗೆ ಮನೆಯವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಅರಿಶಿನದ ಆಟ ಮಾತ್ರ ಬಣ್ಣದ ಬಟ್ಟೆ ಹಾಕಿ ಬರುವ ದಿನವೇ ಇಟ್ಟುಕೊಳ್ಳಿ. ಬಿಳಿ ಯೂನಿಫಾರ್ಮ್‌ಗೆ ಹತ್ತಿದ ಕಲೆ ಬಿಸಿಲಿಗೆ ಹಾಕಿದರೆ ಮಾಸುತ್ತದೆ ನಿಜ, ಆದರೆ ಆ ಕೆಲಸ ಬೀಳೋದು ಮಕ್ಕಳ ಅಮ್ಮಂದಿರ ಮೇಲೆ.