ಡೆಲ್ಫಿಯ ಪಿಥಿಯಾ ಮತ್ತು ಯಂತ್ರದ ಮೈ

ಪ್ರಶ್ನೆ: ಪ್ರಾಚೀನ ಗ್ರೀಸಿನ ಡೆಲ್ಫಿಯಲ್ಲಿ ಕಣಿ ಹೇಳುತ್ತಿದ್ದ ಪಿಥಿಯಾಳನ್ನು ಸಮಕಾಲೀನ ನೃತ್ಯದಲ್ಲಿ ಅರ್ಧ ಮನುಷ್ಯ, ಅರ್ಧ ಯಂತ್ರವಾದ ಸೈಬಾರ್ಗ್ ಆಗಿ ಕಲ್ಪಿಸುವುದು ಬರೀ ಹೊಸತನದ ಹಂಬಲವಲ್ಲವೇ?

ಉತ್ತರ: ನನಗೆ ಹಾಗನ್ನಿಸುವುದಿಲ್ಲ. ಪಿಥಿಯಾ ಎಂಬುದು ಒಬ್ಬಳ ಹೆಸರಲ್ಲ, ಅಪೋಲೋ ದೇಗುಲದಲ್ಲಿ ಹಲವು ಹೆಂಗಸರು ಒಬ್ಬರ ನಂತರ ಒಬ್ಬರು ವಹಿಸಿಕೊಂಡ ಸ್ಥಾನ. ಮೂರು ಕಾಲಿನ ಪೀಠದ ಮೇಲೆ ಕುಳಿತ ಆಕೆಯ ಬಾಯಿಂದ ದೇವರೇ ಮಾತಾಡುತ್ತಾನೆಂದು ಜನ ನಂಬಿದ್ದರು. ಅಲ್ಲಿಯೇ ಅರ್ಚಕನಾಗಿದ್ದ ಗ್ರೀಕ್ ಲೇಖಕ ಪ್ಲುಟಾರ್ಕ್, ಆ ಆವೇಶಕ್ಕೆ ನೆಲದಿಂದೇಳುವ ಆವಿ ಕಾರಣವಿರಬಹುದೇ ಎಂಬುದನ್ನು ತನ್ನ ಬರಹದಲ್ಲಿ ಚರ್ಚಿಸಿದ್ದಾನೆ. ‘ಸೈಬಾರ್ಗ್’ ಎಂಬ ಪದ ಹುಟ್ಟಿದ್ದು 1960ರಲ್ಲಾದರೂ, ಹೊರಗಿನ ಶಕ್ತಿಯೊಂದಕ್ಕೆ ಜೋಡಿಸಿದ ಮೈ ಎಂಬ ಕಲ್ಪನೆ ಪಿಥಿಯಾಳಲ್ಲಿ ಆಗಲೇ ಇತ್ತು.

ಸ್ಪೇನಿನ ಕತಲೋನಿಯಾದ ಕಲಾವಿದೆ ಮೂನ್ ರಿಬಾಸ್ ಅವರ ಪ್ರಯೋಗವನ್ನು ಇಲ್ಲಿ ನೆನೆಯಬೇಕು. ಜಗತ್ತಿನ ಎಲ್ಲಾದರೂ ಭೂಮಿ ನಡುಗಿದರೆ ಕಂಪಿಸುವ ಸಂವೇದಕವನ್ನು ಮೈಯೊಳಗೆ ಹಾಕಿಸಿಕೊಂಡಿದ್ದ ಅವರು, ಆ ಕಂಪನ ಬಂದಾಗ ಮಾತ್ರ ವೇದಿಕೆಯ ಮೇಲೆ ಚಲಿಸುತ್ತಿದ್ದರು. ಇಲ್ಲವಾದರೆ ನಿಶ್ಚಲವಾಗಿ ಕಾಯುತ್ತಿದ್ದರು. ಇದು ಪಿಥಿಯಾಳ ಕಥೆಯಲ್ಲ, ಆದರೂ ನೆಲದ ಸುದ್ದಿಗೆ ಮೈಯೊಡ್ಡಿ ಕಾಯುವ ಆ ನಿಲುವು ನನಗೆ ಡೆಲ್ಫಿಯ ಪೀಠವನ್ನೇ ನೆನಪಿಸುತ್ತದೆ.

ಲೋಹದ ಬಣ್ಣದ ಉಡುಪು ತೊಟ್ಟು ಯಂತ್ರದಂತೆ ಕೈಕಾಲು ಬಿಗಿಹಿಡಿದರೆ ಅದು ವೇಷವಷ್ಟೇ ಆಗುತ್ತದೆ. ಪ್ರೇಕ್ಷಕಳಾಗಿ ನಾನು ಬಯಸುವುದು, ಪಿಥಿಯಾಳ ಬಾಯಿಂದ ಹೊರಡುವ ಮಾತು ಆಕೆಯದೋ, ಆಕೆಯನ್ನು ನಡೆಸುವ ಯಂತ್ರದ್ದೋ ಎಂಬ ತಳಮಳವನ್ನು ನರ್ತಕಿಯ ಉಸಿರಿನಲ್ಲೇ ಕಾಣುವುದನ್ನು.