ಬಲ ಯಾವ ಕೈಗಿದೆಯೋ ಹಿಡಿಕೆ ಆ ಕಡೆಗಿರಲಿ

ಪ್ರಶ್ನೆ: ನಮ್ಮ ತಂದೆಗೆ 71 ವರ್ಷ, ನಿವೃತ್ತ ಮೇಷ್ಟ್ರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲಿನ ಸ್ವಾಧೀನ ತಪ್ಪಿತು. ಮನೆಯೊಳಗೆ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಹೊರಗೆ ವೀಲ್‌ಚೇರೇ ಗತಿ. ಸಮುದ್ರದ ಮೇಲೆ ಹೋಗಿ ಬರಬೇಕೆಂದು ಬಹಳ ದಿನದ ಆಸೆ. ಸಿಂಗಪುರದಿಂದ ಪಿನಾಂಗ್, ಫುಕೆಟ್‌ಗೆ ಹೋಗಿ ಬರುವ ಕ್ರೂಸ್ ನೋಡಿದ್ದೇವೆ. "ಅಂಗವಿಕಲರ ಕ್ಯಾಬಿನ್ ಏನೂ ಬೇಡ, ಬಾಲ್ಕನಿ ರೂಮ್ ತಗೊಳ್ಳಿ, ಹಡಗಿನವರೇ ಎತ್ತಿಕೊಂಡು ಹೋಗಿ ಬಿಡ್ತಾರೆ" ಅನ್ನುತ್ತಾರೆ ಏಜೆಂಟ್. ನಂಬಬಹುದೇ?
(ಹೆಸರು ಬೇಡ, ಶಿರಾ ಗೇಟ್, ತುಮಕೂರು)

ಉತ್ತರ: ನಂಬಬೇಡಿ. ಪ್ರಯಾಣಿಕರನ್ನು ಎತ್ತಿ ಕೂರಿಸುವುದು, ಸ್ನಾನ ಮಾಡಿಸುವುದು ಹಡಗಿನ ಸಿಬ್ಬಂದಿಯ ಕೆಲಸವಲ್ಲ. ಹೆಚ್ಚಿನ ಕಂಪನಿಗಳು ತಮ್ಮ ನಿಯಮದಲ್ಲೇ ಹಾಗೆಂದು ಬರೆದಿರುತ್ತವೆ. ಗ್ಯಾಂಗ್‌ವೇ, ಅಂದರೆ ದಡದಿಂದ ಹಡಗಿಗೆ ಹಾಕಿದ ಸೇತುವೆ, ಹತ್ತುವಾಗ ವೀಲ್‌ಚೇರ್ ಗಾಡಿ ತಳ್ಳಿಕೊಡುತ್ತಾರೆ, ಅಷ್ಟೇ. ಕ್ಯಾಬಿನ್ನಿನ ಬಾಗಿಲು ಮುಚ್ಚಿದ ಮೇಲೆ ನೀವು, ನಿಮ್ಮ ತಂದೆ, ಅಲ್ಲಿರುವ ಗೋಡೆ.

ಮೊದಲು ಒಂದು ಟೇಪು ಹಿಡಿಯಿರಿ. ತಂದೆಯವರನ್ನು ಗಾಡಿಯಲ್ಲಿ ಕೂರಿಸಿ, ಕೈಯಿಂದ ಉರುಳಿಸುವ ಹೊರಬಳೆಯ ಈ ತುದಿಯಿಂದ ಆ ತುದಿಗೆ ಅಳೆಯಿರಿ. ಸೀಟು 18 ಇಂಚು ಎಂದು ಅಂಗಡಿಯವರು ಕೊಟ್ಟ ಗಾಡಿ ಒಟ್ಟಾರೆ 25 ಇಂಚು ಬರುವುದು ಸಾಮಾನ್ಯ. ಹಡಗಿನ ಮಾಮೂಲಿ ಕ್ಯಾಬಿನ್ನಿನ ಬಾಗಿಲೋ, ಬಹುಮಟ್ಟಿಗೆ 22–23 ಇಂಚು. ಬಾಲ್ಕನಿ ರೂಮಿಗೆ ಎಷ್ಟು ದುಡ್ಡು ಕೊಟ್ಟರೂ ಗಾಡಿ ಒಳಗೇ ಹೋಗುವುದಿಲ್ಲ. ಸ್ನಾನದ ಮನೆಯದು ಇನ್ನೊಂದು ಕಥೆ. ಹಡಗು ವಾಲಿದಾಗ ನೀರು ಮಂಚದ ಕಡೆ ಹರಿಯಬಾರದೆಂದು ಅಲ್ಲೊಂದು ಎತ್ತರದ ಹೊಸ್ತಿಲು ಕಟ್ಟಿರುತ್ತಾರೆ. ಎಡಗಾಲು ಎಳೆದು ಹಾಕುವವರಿಗೆ ಅದು ದಾಟುವ ಹೊಸ್ತಿಲಲ್ಲ, ಎಡವುವ ಹೊಸ್ತಿಲು. ನಡುರಾತ್ರಿ, ಹಡಗು ತೂಗುವಾಗ, ನಿದ್ದೆಗಣ್ಣಿನಲ್ಲಿ ಎದ್ದು ಹೋಗುವುದನ್ನು ಲೆಕ್ಕ ಹಾಕಿ.

ಗಾಡಿಯವರಿಗೆಂದೇ ಮಾಡಿದ ಕ್ಯಾಬಿನ್ನಿನಲ್ಲಿ ಬಾಗಿಲು 32 ಇಂಚಿನಷ್ಟಿರುತ್ತದೆ, ಗಾಡಿ ತಿರುಗಿಸಲು ಐದಡಿ ಜಾಗವಿರುತ್ತದೆ, ಸ್ನಾನದ ಮನೆಗೆ ಹೊಸ್ತಿಲಿನ ಬದಲು ಸಮತಟ್ಟಾದ ಅಥವಾ ಇಳಿಜಾರಿನ ದಾರಿ. ಶವರಿನ ಕೆಳಗೆ ಮಡಚುವ ಆಸನ, ಕೈಗೆ ಸಿಗುವ ಶವರು, ಗೋಡೆಗೆ ಹಿಡಿಕೆಗಳು. ಆದರೆ ಈ ಹೆಸರಿನಲ್ಲಿ ಮಾರುವ ಕ್ಯಾಬಿನ್ನುಗಳೆಲ್ಲ ಒಂದೇ ಅಲ್ಲ. ಕೆಲವು ಪೂರ್ತಿ ಗಾಡಿಯಲ್ಲೇ ಇರುವವರಿಗೆ. ಕೆಲವದರಲ್ಲಿ ಮಂಚದ ಒಂದು ಬದಿಗೆ ಮಾತ್ರ ಗಾಡಿ ಹೋಗುತ್ತದೆ. ಇನ್ನು ಕೆಲವು ನಡೆಯಬಲ್ಲವರಿಗೆ, ಹಿಡಿಕೆ ಬಿಟ್ಟರೆ ಮಾಮೂಲಿ ರೂಮೇ.

ನಿಮ್ಮ ವಿಷಯದಲ್ಲಿ ಮುಖ್ಯ ಸಂಗತಿ ಇರುವುದು ಇಲ್ಲೇ. ನಿಮ್ಮ ತಂದೆಗೆ ಬಲವಿರುವುದು ಬಲಗಡೆ. ಮಂಚದಿಂದ ಏಳುವುದು, ಕಮೋಡಿನಿಂದ ಏಳುವುದು ಎಲ್ಲ ಆ ಕೈಯ ಮೇಲೆಯೇ. ಅಂದಮೇಲೆ ಕಮೋಡಿನಲ್ಲಿ ಕೂತಾಗ ಹಿಡಿಕೆ ಅವರ ಬಲಕ್ಕೆ ಸಿಗಬೇಕು, ಮಲಗಿದಾಗ ಮಂಚದ ಬಲಬದಿ ಖಾಲಿ ಇರಬೇಕು. ಹಡಗಿನ ಎಡಬದಿಯ ಕ್ಯಾಬಿನ್ನಿಗೂ ಬಲಬದಿಯ ಕ್ಯಾಬಿನ್ನಿಗೂ ಒಳಗಿನ ಜೋಡಣೆ ತಿರುವುಮುರುವಾಗಿರುವುದುಂಟು. ಒಂದೇ ದರ, ಒಂದೇ ವರ್ಗ, ಆದರೆ ಒಂದರಲ್ಲಿ ನಿಮ್ಮ ತಂದೆ ತಾವಾಗಿ ಏಳಬಲ್ಲರು, ಇನ್ನೊಂದರಲ್ಲಿ ಪ್ರತಿ ಸಲವೂ ನಿಮ್ಮನ್ನು ಕೂಗಬೇಕು. ನಿವೃತ್ತ ಮೇಷ್ಟ್ರಿಗೆ ಮಗನನ್ನೋ ಮಗಳನ್ನೋ ಅದಕ್ಕಾಗಿ ಕೂಗುವುದು ಎಷ್ಟು ಕಷ್ಟ ಎಂದು ನಾನು ಹೇಳಬೇಕಿಲ್ಲ. ಆದ್ದರಿಂದ ಕ್ಯಾಬಿನ್ ನಂಬರ್ ಹಿಡಿದೇ ಬುಕ್ ಮಾಡಿ. ನಂಬರ್ ಆಮೇಲೆ ಕೊಡುತ್ತೇವೆ ಎನ್ನುವ ಅಗ್ಗದ 'ಗ್ಯಾರಂಟಿ' ಟಿಕೆಟ್ ನಿಮಗಲ್ಲ. ಹಡಗಿನ ಕಂಪನಿಗಳಲ್ಲಿ ವಿಶೇಷ ಅಗತ್ಯವುಳ್ಳವರಿಗೆಂದೇ ಒಂದು ವಿಭಾಗ ಇರುತ್ತದೆ, ಏಜೆಂಟರನ್ನು ಬಿಟ್ಟು ಅಲ್ಲಿಗೇ ಇಮೇಲ್ ಮಾಡಿ. ಬಾಗಿಲಿನ ಅಗಲ, ಮಂಚದ ಎತ್ತರ, ಹಿಡಿಕೆ ಯಾವ ಕಡೆ ಎಂದು ಕೇಳಿ, ಬಚ್ಚಲಿನ ಬಾಗಿಲಲ್ಲಿ ನಿಂತು ತೆಗೆದ ಒಂದು ಫೋಟೊ ತರಿಸಿಕೊಳ್ಳಿ. ಕಮೋಡ್ ತಗ್ಗಾಗಿದ್ದರೆ ಮೇಲಿಡುವ ಎತ್ತರದ ಸೀಟು ಕೊಡುತ್ತಾರೆಯೇ ಎಂದೂ ಅದರಲ್ಲೇ ಕೇಳಿ.

ಅಂದಹಾಗೆ, ಬೇರೆ ದೇಶದ ಬಾವುಟದ ಹಡಗಾದರೂ ಅಮೆರಿಕದ ನೀರಿನಲ್ಲಿರುವಾಗ ಅಲ್ಲಿನ ಅಂಗವಿಕಲರ ಕಾಯ್ದೆಗೆ ಒಳಪಡುತ್ತದೆ ಎಂದು ಆ ದೇಶದ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಅಮೆರಿಕದ ಬಂದರುಗಳಿಗೂ ಹಡಗು ಬಿಡುವ ಕಂಪನಿಯಾದರೆ ಇಂಥ ಪ್ರಶ್ನೆಗಳು ಅವರಿಗೆ ಹೊಸವಲ್ಲ.

ಬಾಲ್ಕನಿ? ನನ್ನ ಮಟ್ಟಿಗೆ ಬೇಡ. ಅದಕ್ಕೂ ಒಂದು ಹೊಸ್ತಿಲು ಇರುತ್ತದೆ. ಆ ದುಡ್ಡಿನಲ್ಲಿ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ, ಕಿಟಕಿ ಇರುವ ಕ್ಯಾಬಿನ್ ಹಿಡಿಯಿರಿ. ಅಲ್ಲಿ ತೂಗಾಟ ಕಡಿಮೆ. ಲಿಫ್ಟ್ ಹತ್ತಿರವಿರಲಿ, ಎದುರಿಗೇ ಬೇಡ, ರಾತ್ರಿಯೆಲ್ಲ ಗಲಾಟೆ. ಸಮುದ್ರ ನೋಡಲು ಮೇಲಿನ ಡೆಕ್ಕುಗಳಿವೆ, ಮೇಷ್ಟ್ರು ಬೆಳಗ್ಗೆ ಕಾಫಿ ಹಿಡಿದು ಕೂತರೆ ಊಟದ ಹೊತ್ತಿನವರೆಗೂ ಏಳಿಸುವವರಿಲ್ಲ.

ಬಂದರುಗಳನ್ನೂ ವಿಚಾರಿಸಿ. ಪಿನಾಂಗ್‌ನಲ್ಲಿ ಹಡಗು ದಕ್ಕೆಗೇ ಬಂದು ನಿಲ್ಲುತ್ತದೆ. ಫುಕೆಟ್‌ನಲ್ಲಿ ದೊಡ್ಡ ಹಡಗುಗಳು ಪಟೋಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುವುದುಂಟು. ಗಾಡಿಯವರನ್ನು ಆ ದೋಣಿಗೆ ಹತ್ತಿಸದೆ ಇರಬಹುದು. ಹತ್ತಿದ ದಿನವೇ ನಡೆಯುವ ಸುರಕ್ಷತಾ ಕವಾಯತಿನಲ್ಲಿ ತಂದೆಯವರ ಸ್ಥಿತಿ ಹೇಳಿ, ಅಪಾಯದ ವೇಳೆ ಯಾರು ಬಂದು ಇಳಿಸುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಆಗ ಲಿಫ್ಟನ್ನು ನಂಬುವಂತಿಲ್ಲ. ಪ್ರಯಾಣ ವಿಮೆಯಲ್ಲಿ ಲಕ್ವದ ವಿಷಯ ಮುಚ್ಚಿಡಬೇಡಿ.

ಪ್ರಶ್ನೆ: ನನಗೆ ಚಿಕ್ಕಂದಿನಲ್ಲೇ ಪೋಲಿಯೊ. ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಹಾಕಿ, ಊರುಗೋಲಿನಲ್ಲಿ ನಡೆಯುತ್ತೇನೆ. ಅಕ್ಕನ ಮನೆಯವರ ಜೊತೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್‌ನಲ್ಲಿ ಹೋಗುವ ಯೋಚನೆ. ಗಾಡಿಯಲ್ಲಿರುವವರ ಕ್ಯಾಬಿನ್ ನಾನು ಕೇಳಿದರೆ ತಪ್ಪಲ್ಲವೇ?
(ಶಿಕ್ಷಕಿ, ಗುಬ್ಬಿ)

ಉತ್ತರ: ತಪ್ಪೇನಿಲ್ಲ ತಾಯಿ. ರಾತ್ರಿ ಕ್ಯಾಲಿಪರ್ ಬಿಚ್ಚಿಟ್ಟ ಮೇಲೆ ಬಚ್ಚಲಿಗೆ ಹೇಗೆ ಹೋಗುತ್ತೀರಿ? ಮನೆಯಲ್ಲಿ ಗೋಡೆ, ಬಾಗಿಲು ಹಿಡಿದು ಹೋಗುವ ಅಭ್ಯಾಸವಿದ್ದರೆ ಅಲ್ಲಿಯೂ ಹಿಡಿಯಲು ಏನಾದರೂ ಬೇಕೇ ಬೇಕು. ನಡೆಯಬಲ್ಲವರಿಗೆಂದು ಹಿಡಿಕೆ ಹಾಕಿದ ಕ್ಯಾಬಿನ್ ಇದ್ದರೆ ಅದನ್ನೇ ಕೇಳಿ, ಇಲ್ಲದಿದ್ದರೆ ಗಾಡಿಯವರದನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಊರುಗೋಲಿನ ತುದಿಯ ರಬ್ಬರ್ ತಿರುಗಿಸಿ ನೋಡಿ. ಗೆರೆಗಳು ಸವೆದು ನುಣುಪಾಗಿದ್ದರೆ ಒದ್ದೆ ಡೆಕ್ಕಿನ ಮೇಲೆ ಜಾರುವುದು ಖಂಡಿತ. ಹೊಸದು ಹಾಕಿಸಿ, ಇನ್ನೊಂದು ಜೊತೆ ಚೀಲದಲ್ಲಿರಲಿ. ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದೂರದಲ್ಲೇ ನಿಂತು ಪ್ರಯಾಣಿಕರನ್ನು ದೋಣಿಗೆ ಇಳಿಸುತ್ತದೆ, ಅಲೆಯ ಮೇಲೆ ದೋಣಿ ಏಳುತ್ತಾ ಇಳಿಯುತ್ತಾ ಇರುವಾಗ ಕಾಲಿಡಬೇಕು. ದ್ವೀಪದ ಮೇಲೆ ಓಡಾಡುವುದೇ ನಿಮ್ಮ ಆಸೆಯಾದರೆ ದುಡ್ಡು ಕಟ್ಟುವ ಮೊದಲು ಇದನ್ನು ಕೇಳಿಕೊಳ್ಳಿ.

ಪ್ರಶ್ನೆ: ನಡೆಯಲಾಗದವರು ಕೂತು ಓಡಾಡುವ ಬ್ಯಾಟರಿ ಸ್ಕೂಟರನ್ನು ಹಡಗಿನ ಕಾರಿಡಾರಿನಲ್ಲಿ ನಿಲ್ಲಿಸಬಹುದೇ?
(ಮಧುಗಿರಿ)

ಉತ್ತರ: ಇಲ್ಲ. ಅದು ಅಪಾಯದ ವೇಳೆ ಜನ ಪಾರಾಗಿ ಹೋಗುವ ದಾರಿ, ತೆರವಾಗಿರಬೇಕು. ಸ್ಕೂಟರ್ ಕ್ಯಾಬಿನ್ನಿನೊಳಗೇ ಇರಬೇಕು, ಚಾರ್ಜೂ ಅಲ್ಲೇ. ಹಾಗಾಗಿ ಅದರ ಅಗಲ ನೋಡಿಯೇ ಕ್ಯಾಬಿನ್ ಆರಿಸಿ. ಮನೆಯ ಎಕ್ಸ್‌ಟೆನ್ಷನ್ ಬೋರ್ಡ್ ಒಯ್ಯಬೇಡಿ, ಬಹಳಷ್ಟು ಹಡಗುಗಳಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ವಿಮಾನದಲ್ಲಿ ಹೋಗಿ ಹಡಗು ಹತ್ತುವುದಾದರೆ ಬ್ಯಾಟರಿ ಯಾವ ಬಗೆಯದು ಎಂದು ವಿಮಾನ ಕಂಪನಿಗೆ 48 ಗಂಟೆ ಮೊದಲೇ ತಿಳಿಸಿ, ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ.