ಮೂರನೇ ದೇಶದಲ್ಲಿ ಪಂದ್ಯ: ತವರು ತಂಡ ಯಾವುದು?

ಪ್ರಶ್ನೆ: ಪಾಕಿಸ್ತಾನ–ಆಸ್ಟ್ರೇಲಿಯಾ ಸರಣಿ ಬೇರೆ ದೇಶದಲ್ಲಿ ನಡೆದಾಗ ಟಾಸ್‌ಗೆ ನಾಣ್ಯ ಚಿಮ್ಮುವವರು ಯಾರು?

ಉತ್ತರ: ನೆಲ ಯಾರದೇ ಇರಲಿ, ಸರಣಿ ಯಾರದೋ ಅವರೇ ಆತಿಥೇಯರು. 2009ರ ಮಾರ್ಚ್‌ನಲ್ಲಿ ಲಾಹೋರ್‌ನಲ್ಲಿ ಶ್ರೀಲಂಕಾ ತಂಡದ ಬಸ್ಸಿನ ಮೇಲೆ ದಾಳಿಯಾದ ಬಳಿಕ ಪಾಕಿಸ್ತಾನ ತನ್ನ ‘ತವರು’ ಪಂದ್ಯಗಳನ್ನು ಹೆಚ್ಚಾಗಿ ದುಬೈ, ಅಬುಧಾಬಿ, ಶಾರ್ಜಾಗಳಲ್ಲಿ ಆಡಿತು. ಅಲ್ಲಿಯೂ ನಾಣ್ಯ ಚಿಮ್ಮುವುದು ಪಾಕ್ ನಾಯಕ. ಹೆಡ್ಡೋ ಟೇಲೋ ಎಂದು ಕೂಗುವುದು ಎದುರಾಳಿ.

ಪಿಚ್ ಮಾತ್ರ ಯಾರ ಮಾತೂ ಕೇಳದು. ದುಬೈಯಲ್ಲಿ ರಾತ್ರಿ ಇಬ್ಬನಿ ಬಿದ್ದರೆ ಚೆಂಡು ಒದ್ದೆಯಾಗಿ ಸ್ಪಿನ್ನರ್ ಬೆರಳಿಂದ ಜಾರುತ್ತದೆ. ಇನ್ನು ಇಂಗ್ಲೆಂಡಿನಲ್ಲಿ ಮೋಡದ್ದೇ ಕಾರುಬಾರು: 2010ರಲ್ಲಿ ಪಾಕಿಸ್ತಾನ ಅಲ್ಲಿ ಆಡಿದ ‘ತವರು’ ಸರಣಿಯ ಹೆಡಿಂಗ್ಲೆ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ನಾಯಕ ಪಾಂಟಿಂಗ್ ಟಾಸ್ ಗೆದ್ದು ಬ್ಯಾಟಿಂಗ್ ಆಯ್ದುಕೊಂಡರು, ಸ್ವಿಂಗ್ (ಗಾಳಿಯಲ್ಲೇ ಬಾಗುವ ಚೆಂಡು) ಎದುರು ತಂಡ 88ಕ್ಕೆ ಆಲೌಟ್! ಆ ಟೆಸ್ಟನ್ನು ಪಾಕಿಸ್ತಾನ 3 ವಿಕೆಟ್‌ಗಳಿಂದ ಗೆದ್ದಿತು.